ಕೀಬೋರ್ಡೂ ನಾನೇ, ವೈರಿಂಗೂ ನಾನೇ: ಆರ್ಕೆಸ್ಟ್ರಾ ಜೊತೆ ಹೋಗಲಾ?

ಕೀಬೋರ್ಡ್ ಹುಡುಗ, ಕಲಬುರಗಿ

ಎಲ್ಲರಿಗೂ ಶರಣು. ನಾನು ಕೀಬೋರ್ಡ್ ನುಡಿಸುತ್ತೇನೆ. ಇಲ್ಲಿ ತನಕ ಮದುವೆ, ಗಣಪತಿ, ಭಜನೆ ಅಂತ ಊರೊಳಗೇ ನುಡಿಸಿದ್ದು. ಈಗ ಒಂದು ಆರ್ಕೆಸ್ಟ್ರಾದವರು ಜಾತ್ರೆ ಸೀಸನ್ನಿಗೆ ಕರೆದಿದ್ದಾರೆ. ಬೀದರ್, ಯಾದಗಿರಿ ಕಡೆಯ ಹಳ್ಳಿಗಳು, ಒಮ್ಮೊಮ್ಮೆ ಸೊಲ್ಲಾಪುರದ ತನಕ. ತಂಡ ಸಣ್ಣದು, ಹಾಗಾಗಿ ಸೌಂಡ್ ಕೆಲಸಕ್ಕೂ ಕೈ ಹಚ್ಚಬೇಕಂತೆ. ಬಾಕ್ಸ್ ಇಳಿಸುವುದು, ವೈರ್ ಎಳೆಯುವುದು, ರಾತ್ರಿ ಮತ್ತೆ ಟೆಂಪೋಗೆ ಏರಿಸುವುದು. ಕೆಲಸಕ್ಕೆ ನಾಚಿಕೆ ಇಲ್ಲ. ಆದರೆ ಅಷ್ಟು ಮಾಡಿ ಚೆನ್ನಾಗಿ ನುಡಿಸೋಕೆ ಆಗುತ್ತಾ? ಒಪ್ಪುವ ಮುಂಚೆ ಏನೇನು ಕೇಳಬೇಕು? ಅನುಭವ ಇದ್ದವರು ಹೇಳ್ರಿ.

ಪ್ಯಾಡ್ ಬಾರಿಸುವವ, ಹುಮನಾಬಾದ್

ಹೋಗು ತಮ್ಮಾ. ನಾನೂ ಹಾಗೇ, ರಿದಮ್ ಪ್ಯಾಡ್ ಬಾರಿಸುತ್ತೇನೆ, ಸೌಂಡೂ ನೋಡಿಕೊಳ್ಳುತ್ತೇನೆ. ಎರಡೂ ಆಗುತ್ತದೆ. ಆದರೆ ಒಂದು ಮಾತು ಮೊದಲೇ ಮುಗಿಸಿಕೋ. ಪ್ರೋಗ್ರಾಂಗೆ ಒಂದು ತಾಸು ಮುಂಚೆ ನಿನಗೆ ಭಾರದ ಕೆಲಸ ಇರಬಾರದು. ಬೇಸ್ ಬಾಕ್ಸ್ ಎತ್ತಿದ ಕೈ ಸ್ವಲ್ಪ ಹೊತ್ತು ನಡುಗುತ್ತದೆ. ನನಗೇ ಕಷ್ಟ, ನಿನ್ನದಂತೂ ಬೆರಳಿನ ಕೆಲಸ. ಹೊಸಬ ಅಂತ ಸುಮ್ನೆ ಇದ್ದರೆ ಮೊದಲ ಹಾಡು ಅನೌನ್ಸ್ ಮಾಡುವಾಗಲೂ ಏಣಿ ಮೇಲೇ ಇರುತ್ತೀಯ.

ಎರಡನೇದು ಕರೆಂಟು. ಇದನ್ನು ಜಾಸ್ತಿ ಬರೆಯುತ್ತೇನೆ, ಯಾಕಂದ್ರೆ ಸುಟ್ಟರೆ ಸುಡುವುದು ನಿನ್ನ ಕೀಬೋರ್ಡು. ಜಾತ್ರೆ ಸ್ಟೇಜಿಗೆ ಕರೆಂಟ್ ಕಂಬದಿಂದಲೋ ಜನರೇಟರಿನಿಂದಲೋ ಬರುತ್ತದೆ. 3 ಫೇಸ್ ಲೈನಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರು, ಸಡಿಲಾದರೆ, 230 ವೋಲ್ಟ್ ಇರಬೇಕಾದ ಪ್ಲಗ್ಗಿನಲ್ಲಿ 300 ದಾಟಬಹುದು. ನ್ಯೂಟ್ರಲ್ ಪೂರ್ತಿ ಕಿತ್ತರೆ 400ರ ಹತ್ತಿರವೂ ಹೋಗಬಹುದು. ಚಿಂಚೋಳಿ ಕಡೆ ಒಂದು ಜಾತ್ರೆಯಲ್ಲಿ ಮಲ್ಟಿಮೀಟರ್ ಇಟ್ಟೆ, 228 ತೋರಿಸಿತು. ಅಷ್ಟರಲ್ಲಿ ಲೈಟಿಂಗ್‌ನವರು ಹ್ಯಾಲೋಜನ್ ಹಚ್ಚಿದರು. 260, 281, ಮತ್ತೆ 240, ಅಂಕಿ ನಿಲ್ಲಲೇ ಇಲ್ಲ. ಯಾರೂ ಪ್ಲಗ್ ಹಾಕಬೇಡ್ರಿ ಅಂತ ಕೂಗಿದೆ. ಲೈನ್‌ಮನ್ ಬಂದು ನೋಡಿದರೆ ನ್ಯೂಟ್ರಲ್ ವೈರನ್ನು ಬರೀ ತಿರುವಿ ಬಿಟ್ಟಿದ್ದರು, ತಿರುವಿದ ಜಾಗ ಕಪ್ಪಾಗಿತ್ತು. ಬಿಗಿ ಮಾಡಿದ ಮೇಲೇ ಅಂಕಿ ನಿಂತಿದ್ದು. ಅದಕ್ಕೇ ಹೇಳುವುದು, ಎಲ್ಲ ಲೈಟ್ ಹಚ್ಚಿಸಿ ಅಳೆ. ಖಾಲಿ ಲೈನ್ ಅಳೆದರೆ ಏನೂ ಗೊತ್ತಾಗುವುದಿಲ್ಲ. ಅರ್ಥಿಂಗ್ ಕೂಡ ಕೇಳು. ಅದು ಸರಿ ಇಲ್ಲದಿದ್ದರೆ ಹಾಡುವವರ ತುಟಿಗೆ ಮೈಕಿನಿಂದ ಶಾಕ್ ಹೊಡೆಯುತ್ತದೆ.

ಇನ್ನೊಂದು, ನಮ್ಮ ಕಡೆಯ ಬಿಸಿಲು. ಏಪ್ರಿಲ್‌ನಲ್ಲಿ 42 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಕೀಬೋರ್ಡನ್ನು ಮುಚ್ಚಿದ ಟೆಂಪೋದಲ್ಲಿ ಬಿಡಬೇಡ, ಊಟಕ್ಕೆ ನಿಂತರೂ ನೆರಳಿಗೆ ತಗೊ. ಕಾದ ಗಾಳಿಗೆ ಕೊಳಲಿನ ಶ್ರುತಿ ಏರುತ್ತದೆ, ನಿನ್ನದು ಏರುವುದಿಲ್ಲ. ತಂಡದಲ್ಲಿ ಕೊಳಲು ಇದ್ದರೆ ಟ್ಯೂನಿಂಗ್ ಮೆನುಗೆ ಹೋಗಿ ಮಾಮೂಲಿ ಶ್ರುತಿಯ 440 ಹರ್ಟ್ಜ್‌ನಿಂದ ಸ್ವಲ್ಪ ಮೇಲೆ ಮಾಡಿ ಹೊಂದಿಸಿಕೋ.

ಹಾಡುವ ಅಕ್ಕ, ಶಹಾಬಾದ್

ಕೆಲಸದ ಮಾತು ಅಣ್ಣಾರು ಹೇಳಿದರು, ದುಡ್ಡಿನ ಮಾತು ನಾನು ಹೇಳುತ್ತೇನೆ ತಮ್ಮಾ. ನುಡಿಸುವುದಕ್ಕೆ ಬೇರೆ, ಸೌಂಡಿಗೆ ಬೇರೆ ಪಗಾರ ಕೇಳು. "ಎಲ್ಲಾ ಸೇರಿ ನೋಡಿ ಕೊಡೋಣ" ಅಂದರೆ ಎರಡನೇ ಕೆಲಸ ಪುಕ್ಕಟೆ ಆಗುತ್ತದೆ. ಮಳೆ ಬಂದು ಪ್ರೋಗ್ರಾಂ ನಿಂತರೆ ಎಷ್ಟು ಅನ್ನುವುದನ್ನೂ ಮೊದಲೇ ಕೇಳು.

ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಲೌಡ್‌ಸ್ಪೀಕರ್ ಹಾಕಬಾರದು ಅಂತ 2000ದ ಶಬ್ದ ಮಾಲಿನ್ಯ ನಿಯಮ ಇದೆ. ಹಬ್ಬ, ಜಾತ್ರೆಗೆ ಸರ್ಕಾರ 12ರ ತನಕ ಬಿಡಬಹುದು, ಅದೂ ವರ್ಷಕ್ಕೆ 15 ದಿನ ಮಾತ್ರ. ಜನ "ಇನ್ನೊಂದು, ಇನ್ನೊಂದು" ಅಂತಾರೆ. ಪೊಲೀಸರು ಬಂದರೆ ಮಿಕ್ಸರ್ ಮುಂದೆ ನಿಂತವನನ್ನೇ ಕೇಳುತ್ತಾರೆ. ಪರ್ಮಿಶನ್ ಕಾಗದ ಕಮಿಟಿಯವರ ಕೈಯಲ್ಲಿ ಇದೆಯಾ ನೋಡು.

ಎಲ್ಲಕ್ಕಿಂತ ಮೊದಲು ಡ್ರೈವರ್ ಮಲಗಿದ್ದಾನಾ ಕೇಳು. ನಾವು ಹಾಡುವಾಗ ಅವನು ಮಲಗಬೇಕು. ಅವನ ಕೈಯಲ್ಲಿ ಬಾಕ್ಸ್ ಎತ್ತಿಸಿ, ನಡುರಾತ್ರಿ ಗಾಡಿ ಓಡಿಸು ಅನ್ನುವ ತಂಡಕ್ಕೆ ನಾನು ಹೋಗುವುದೇ ಇಲ್ಲ. ಬೀದರ್‌ನಲ್ಲಿ ಪ್ರೋಗ್ರಾಂ ಇದ್ದರೆ ಅಲ್ಲೇ ಮಲಗಿ, ಮರುದಿನ ರೈಲಿಗೆ ಬರುತ್ತೇನೆ. 2017ರಲ್ಲಿ ಕಲಬುರಗಿ–ಬೀದರ್ ಲೈನ್ ಆದದ್ದು ನಮ್ಮಂಥವರಿಗೆ ದೊಡ್ಡ ಅನುಕೂಲ. ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಟ್ಟುಕೋ. ಕೆಡುವುದಿಲ್ಲ, ರಾತ್ರಿ ಎಷ್ಟೊತ್ತಿಗಾದರೂ ತಿನ್ನಬಹುದು.

ಕೀಬೋರ್ಡ್ ಹುಡುಗ, ಕಲಬುರಗಿ

ಅಕ್ಕಾ, ಅಣ್ಣಾ, ಇಬ್ಬರಿಗೂ ಶರಣು. ಪಗಾರದ ಮಾತು ನಾಳೆಯೇ ಕೇಳುತ್ತೇನೆ. ಇನ್ನೊಂದು ಡೌಟು. ನನ್ನನ್ನು ಯಾವಾಗಲೂ ಟಾಪ್ ಬಾಕ್ಸಿನ (ಬೇಸ್ ಬಾಕ್ಸಿನ ಮೇಲೆ ಇಡುವ ಸ್ಪೀಕರಿನ) ಪಕ್ಕ ಕೂರಿಸುತ್ತಾರೆ. ಮನೆಗೆ ಬಂದ ಮೇಲೆ ಕಿವಿ ಗುಂಯ್ ಅನ್ನುತ್ತದೆ, ಬೆಳಗ್ಗೆ ಹೋಗುತ್ತದೆ. ಪರವಾಗಿಲ್ಲ ಅಲ್ವಾ?

ಪ್ಯಾಡ್ ಬಾರಿಸುವವ, ಹುಮನಾಬಾದ್

ಪರವಾಗಿಲ್ಲ ಅನ್ನಬೇಡ ತಮ್ಮಾ. 85 ಡೆಸಿಬಲ್ ಆದರೆ ದಿನಕ್ಕೆ 8 ತಾಸು ಕೇಳಬಹುದು. ಆಮೇಲೆ 3 ಏರಿದಂತೆಲ್ಲ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ಜಾತ್ರೆ ಸೌಂಡು 100 ಸುಲಭವಾಗಿ ದಾಟುತ್ತದೆ. ಒಮ್ಮೆ ಹೋದ ಕಿವಿ ಮತ್ತೆ ಬರುವುದಿಲ್ಲ. ಸಂಗೀತಗಾರರಿಗೆ ಅಂತಲೇ ಇಯರ್‌ಪ್ಲಗ್ ಸಿಗುತ್ತವೆ, ಅವನ್ನು ಹಾಕಿಕೋ. ಹೇಗೂ ಸೆಟಪ್ಪಿಗೆ ನೀನೇ ಇರುತ್ತೀಯ. ಟಾಪ್ ಬಾಕ್ಸನ್ನು ಮೈಕುಗಳ ಸಾಲಿಗಿಂತ ಮುಂದೆ, ಜನರ ಕಡೆ ಮುಖ ಮಾಡಿ ನಿಲ್ಲಿಸು. ನಿನ್ನ ಕಿವಿಯೂ ಉಳಿಯುತ್ತದೆ, ಮೈಕ್ ಸೀಟಿ ಹೊಡೆಯುವುದೂ ಕಡಿಮೆ ಆಗುತ್ತದೆ. ಹುಮನಾಬಾದ್ ಸುತ್ತ ಪ್ರೋಗ್ರಾಂ ಬಿದ್ದರೆ ಇಲ್ಲೇ ಬರೆ, ಸೆಟಪ್ ಹೊತ್ತಿಗೆ ಬರುತ್ತೇನೆ.