ಯಾವ ಪಕ್ಷವೂ ನನ್ನದಲ್ಲ ಅನ್ನಿಸ್ತಿದೆ. ಎಲ್ಲಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ

ನನಗೆ 27. ಊರು ತಿಪಟೂರು, ಬೆಂಗಳೂರಿನ ವಿಜಯನಗರದ ಬಾಡಿಗೆ ಮನೆಗೆ ಬಂದು ಆರು ವರ್ಷ ಆಯ್ತು. ಕಾಲೇಜಲ್ಲಿದ್ದಾಗ ಒಂದು ಪಕ್ಷ ಅಂದ್ರೆ ಪ್ರಾಣ ಬಿಡ್ತಿದ್ದೆ. ಈಗ ಯಾರ ಭಾಷಣ ಬಂದ್ರೂ ಅರ್ಧಕ್ಕೆ ಆಫ್ ಮಾಡ್ತೀನಿ. ಮನೆಯ ವಾಟ್ಸಾಪ್ ಗ್ರೂಪಲ್ಲಿ ಜಗಳ ಆಡಿ ಆಡಿ ಅಪ್ಪನ ಜೊತೆ ಎರಡು ತಿಂಗಳಿಂದ ಮಾತಿಲ್ಲ. ಹಾಗಂತ ಸುಮ್ಮನಿರೋಕೂ ಮನಸ್ಸಿಲ್ಲ. ನಿಮ್ಮ ನಂಬಿಕೆ ಬದಲಾಗಿದ್ದು ಹೇಗೆ, ಕೈಲಾದ್ದು ಅಂತ ಏನು ಮಾಡಿದ್ರಿ?

ಶ್ರೀನಗರದಿಂದ

ನೀನು ನನ್ನ ಮಗನ ವಯಸ್ಸು, ಹಾಗಾಗಿ ಏಕವಚನ. ನನಗೆ 61, ಬ್ಯಾಂಕಲ್ಲಿ ದುಡಿದವಳು. ಸರ್ಕಾರಿ ಕೆಲಸ ಅಂದ್ರೆ ಸೋಮಾರಿತನ, ಗುತ್ತಿಗೆಗೆ ಕೊಟ್ರೆ ಎಲ್ಲ ಸರಿಹೋಗುತ್ತೆ ಅಂತ ಗಟ್ಟಿಯಾಗಿ ನಂಬಿದ್ದೆ. (ಸರ್ಕಾರಿ ಬ್ಯಾಂಕಿನ ಸಂಬಳ ಎಣಿಸಿಕೊಳ್ಳುತ್ತಲೇ!)

2012ರಲ್ಲಿ, ಬೆಂಗಳೂರಿನ ಕಸ ಸುರೀತಿದ್ದ ಮಾವಳ್ಳಿಪುರದವರು ನಿಮ್ಮ ಕಸ ನಮಗೆ ಬೇಡ ಅಂದಾಗ ಊರೆಲ್ಲ ಗಬ್ಬು ನಾರ್ತಿತ್ತು. ನಮ್ಮ ರಸ್ತೆಯವರು ಸೇರಿ ಹಸಿಕಸ, ಒಣಕಸ ಬೇರೆ ಮಾಡೋಕೆ ಶುರು ಮಾಡಿದ್ವಿ. ಬೆಳಗ್ಗೆ ಆರೂವರೆಗೆ ಗಾಡಿ ಹತ್ತಿರ ನಿಂತು ಯಾರು ಬೆರೆಸಿ ಕೊಡ್ತಾರೆ ಅಂತ ನೋಡೋದು ನನ್ನ ಪಾಳಿ. ಬೀದಿ ಗುಡಿಸೋ ಹೆಂಗಸಿನ ಜೊತೆ ಮಾತು ಬೆಳೀತು. ಮೂರು ತಿಂಗಳಿಂದ ಸಂಬಳ ಆಗಿಲ್ಲ ಅಂದ್ಲು. ಗುತ್ತಿಗೆದಾರನ್ನ ಕೇಳಿದ್ರೆ ಬಿಲ್ ಆಗಿಲ್ಲ ಅಂತಾನೆ, ಕಚೇರೀಲಿ ಕೇಳಿದ್ರೆ ಅವಳು ನಮ್ಮ ಕೆಲಸದವಳೇ ಅಲ್ಲ ಅಂತಾರೆ. ಪಿಎಫ್ ಚೀಟಿ ತರಿಸಿ ನೋಡಿದೆ. ಲೆಕ್ಕ ಓದೋಕೆ ಬರುತ್ತಲ್ಲ, ಹಿಡಿದ ದುಡ್ಡು ಎಲ್ಲೂ ಜಮಾ ಆಗಿರಲಿಲ್ಲ. ಆಮೇಲೆ ಗುತ್ತಿಗೆಯ ಪರ ವಾದ ಮಾಡೋಕೆ ಬಾಯಿ ಬರ್ಲಿಲ್ಲ.

2022ರ ಜುಲೈನಲ್ಲಿ ಕಾಯಂ ಮಾಡಿ ಅಂತ ಪೌರಕಾರ್ಮಿಕರು ಫ್ರೀಡಂ ಪಾರ್ಕಲ್ಲಿ ಕೂತಾಗ ನಾನೂ ಹೋಗಿ ಕೂತೆ. ಅದು ಹಳೇ ಸೆಂಟ್ರಲ್ ಜೈಲು, ತುರ್ತು ಪರಿಸ್ಥಿತೀಲಿ ವಾಜಪೇಯಿ, ಅಡ್ವಾಣಿ ಅವರನ್ನ ಇಟ್ಟಿದ್ದ ಜಾಗ. ಈಗ ಪ್ರತಿಭಟನೆ ಮಾಡೋದಾದ್ರೆ ಅಲ್ಲೇ ಮಾಡಿ ಅಂತ ಸರ್ಕಾರವೇ ಗೆರೆ ಎಳೆದಿದೆ. ಕೂಗೋದಿದ್ರೆ ಜೈಲಿನ ಗೋಡೆಯೊಳಗೇ ಕೂಗಿ ಅಂದಂಗೆ!

ನಗಬೇಡ, ಓಟು ಹಾಕೋ ಪಕ್ಷ ಇನ್ನೂ ಅದೇ. ಮನೆಗೆ ಬಂದ ಅಭ್ಯರ್ಥಿಗೆ ಪೌರಕಾರ್ಮಿಕರ ಪಿಎಫ್ ವಿಚಾರ ಕೇಳಿದೆ, ಮಜ್ಜಿಗೆ ಕುಡಿದು ಎದ್ದು ಹೋದ್ರು.

ಜೆ.ಪಿ. ನಗರದಿಂದ

'ಎಲ್ಲರೂ ಕಳ್ಳರು' ಅನ್ನೋದೇ ನನ್ನ ರಾಜಕೀಯವಾಗಿತ್ತು. ನಮ್ಮ ಕ್ರಾಸಿನ ಚರಂಡಿ ವಿಚಾರಕ್ಕೆ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕೋಣ ಅಂತ ಸಿಟ್ಟಲ್ಲಿ ಮೂರು ಪುಟ ಬರೆದೆ, ವಾಪಸ್ ಬಂತು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮತ್ತೆ ಕಳಿಸಿದೆ. 30 ದಿನದಲ್ಲಿ ಉತ್ತರ ಕೊಡ್ಬೇಕು, ಕೊಡ್ಲಿಲ್ಲ. ಮೊದಲ ಮೇಲ್ಮನವಿ ಹಾಕಿದ ಮೇಲೆ ಅಳತೆ ಪುಸ್ತಕದ (ಆದ ಕೆಲಸ ಎಷ್ಟು ಅಂತ ಕಚೇರಿಯವರು ಬರೆದಿಡೋ ದಾಖಲೆ) ಪ್ರತಿ ಬಂತು. ಅದರಲ್ಲಿ ಚರಂಡಿ 180 ಮೀಟರ್. ನಾನೂ ಪಕ್ಕದ ಮನೆ ಅಂಕಲ್ಲೂ ಟೇಪ್ ಹಿಡಿದು ಅಳೆದ್ವಿ, 110.

ಆದ್ರೆ 'ಚರಂಡಿ ಹಗರಣದ ಮಾಹಿತಿ ಕೊಡಿ ಅಂತ ಬರೀಬೇಡಿ ಸಾರ್, ಅಳತೆ ಪುಸ್ತಕದ ಪ್ರತಿ ಅಂತ ಕೇಳಿ' ಅಂತ ಹೇಳಿಕೊಟ್ಟಿದ್ದು ಅದೇ ಕಚೇರಿಯ ಗುಮಾಸ್ತರು. ಅವರನ್ನ ಕಳ್ಳರ ಲೆಕ್ಕಕ್ಕೆ ಸೇರಿಸೋದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಮಿಕ್ಕ 70 ಮೀಟರ್ ಇನ್ನೂ ಆಗಿಲ್ಲ.

ಹೆಗ್ಗನಹಳ್ಳಿಯಿಂದ

ನಿಮ್ಮ ಓಟು ಎಲ್ಲಿದೆ, ಮೊದಲು ಅದನ್ನ ಹೇಳಿ. ತಿಪಟೂರಲ್ಲೇ ಇದ್ರೆ ಇಲ್ಲಿಯವರು ನಿಮ್ಮ ಮಾತು ಯಾಕೆ ಕೇಳ್ಬೇಕು? 2015ರಲ್ಲಿ ಗೆದ್ದ ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗೀತು. ಆಮೇಲೆ ವರ್ಷಗಟ್ಟಲೆ 198 ವಾರ್ಡಿಗೂ ಅಧಿಕಾರಿಗಳದ್ದೇ ರಾಜ್ಯ. 2025ರಲ್ಲಿ ಒಂದು ಪಾಲಿಕೆ ಒಡೆದು ಐದು ಮಾಡಿದ್ರು. ಬೀದಿದೀಪಕ್ಕೆ ಯಾರನ್ನ ಹಿಡೀಬೇಕು ಅಂತ ನಮ್ಮ ಗಲ್ಲೀಲಿ ಯಾರಿಗೂ ಗೊತ್ತಿರಲಿಲ್ಲ, ಬಹಳ ಜನ ಕೇಳಲೂ ಇಲ್ಲ, ಅರ್ಧ ಗಲ್ಲಿಯ ಓಟು ಊರಲ್ಲಿ. ಮತದಾರರ ಪಟ್ಟಿಯ ಫಾರ್ಮ್ 8 ತುಂಬಿಸಿ ಓಟನ್ನ ಇಲ್ಲಿಗೆ ಬದಲಾಯಿಸಿಕೊಳ್ಳಿ.

ಮತ್ತೀಕೆರೆಯಿಂದ

ಮೇಲಿನವರ ಮಾತು ನಾನು ಒಪ್ಪಲ್ಲ. ನನ್ನ ತೋಟ, ತಾಯಿ ಇಬ್ಬರೂ ಹಾಸನದ ಕಡೆ ಇದ್ದಾರೆ, ಪಂಚಾಯ್ತಿ ಚುನಾವಣೆಗೆ ರಾತ್ರಿ ಬಸ್ ಹತ್ತಿ ಹೋಗ್ತೀನಿ. ನಿಮ್ಮ ಜೀವ ಎಲ್ಲಿದೆ ನೋಡಿ ತೀರ್ಮಾನ ಮಾಡಿ.

ಅಪ್ಪನ ವಿಚಾರ: ನಾನೂ ನಮ್ಮಪ್ಪನೂ ಹಾಗೇ ಇದ್ವಿ. ಗ್ರೂಪಲ್ಲಿ ಬರೆಯೋದು ಬಿಟ್ಟು ಫೋನ್ ಮಾಡಿ ಊರಿನ ಕೆರೆ ಹೂಳಿನ ಬಗ್ಗೆ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದ್ರು, ಅದರಲ್ಲಿ ಅರ್ಧ ಅವರ ಪಕ್ಷದ ಎಂಎಲ್‌ಎಯನ್ನೇ ಬೈದಿದ್ದು! ಗ್ರೂಪಲ್ಲಿ ಮಾತ್ರ ಈಗಲೂ ಅದೇ ಫಾರ್ವರ್ಡು ಹಾಕ್ತಾರೆ.

ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ಅಮ್ಮಾ, ಏಕವಚನವೇ ಇರಲಿ. ಅಪ್ಪನಿಗೆ ಭಾನುವಾರ ಫೋನ್ ಮಾಡ್ತೀನಿ, ಕೊಬ್ಬರಿ ರೇಟಿಂದ ಶುರು ಮಾಡಿದ್ರೆ ಬೈಯಲ್ಲ. ಓಟು ಇಲ್ಲಿಗೇ ತರೋಣ ಅಂತಿದೀನಿ. ಆದ್ರೆ ಓನರ್ ಬಾಡಿಗೆ ಕರಾರನ್ನ ರಿಜಿಸ್ಟರ್ ಮಾಡಿಸಿಲ್ಲ, ವಿಳಾಸಕ್ಕೆ ಏನು ಕೊಡ್ಲಿ?

ಹೆಗ್ಗನಹಳ್ಳಿಯಿಂದ

ಬ್ಯಾಂಕ್ ಪಾಸ್‌ಬುಕ್ಕಲ್ಲಿ ಈಗಿನ ವಿಳಾಸ ಹಾಕಿಸಿ, ಅದು ನಡೆಯುತ್ತೆ. ಗ್ಯಾಸ್ ಬಿಲ್ ನಿಮ್ಮ ಹೆಸರಲ್ಲಿದ್ರೆ ಅದೂ ಆಗುತ್ತೆ.