ಮೇ ಬಂದರೂ ಹೂ ಇಲ್ಲ, ಬರೀ ಎಲೆ: ನಿಮ್ಮ ಕೈತೋಟದ ಅನುಭವ ಹೇಳಿ

ಕೇಳಿದವರು, ಬೆಂಗಳೂರು
ಮನೆ ಹಿಂದೆ ಸಣ್ಣ ಕೈತೋಟ ಇದೆ. ಬೆಳಗ್ಗೆ ಹನ್ನೊಂದರವರೆಗೆ ಬಿಸಿಲು, ಆಮೇಲೆ ಪಕ್ಕದ ಮನೆಯ ನೆರಳು. ಬೋರ್‌ವೆಲ್ ನೀರು. ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಡ್ರಿಪ್‌ಗೆ ಟೈಮರ್ ಹಾಕಿಸಿದ್ದೇವೆ, ವರ್ಷವಿಡೀ ದಿನಕ್ಕೆರಡು ಸಲ ಎಲ್ಲ ಗಿಡಕ್ಕೂ ನೀರು ಹೋಗುತ್ತದೆ. ಅಮ್ಮ ಊರಿನಿಂದ ಕೊಟ್ಟ ಮೇ ಫ್ಲವರ್ ಗಡ್ಡೆಗಳು (ಕೆಂಪು ಚೆಂಡಿನ ಹೂವಿನದು, ಗುಲ್‌ಮೊಹರ್ ಮರ ಅಲ್ಲ) ಎಲೆ ಬಿಡುತ್ತವೆ, ಹೂ ಇಲ್ಲ. ಗಂಧರಾಜದ ಮೊಗ್ಗು ಹಳದಿಯಾಗಿ ಉದುರುತ್ತಿದೆ. ದುಂಡು ಮಲ್ಲಿಗೆಯಲ್ಲಿ ದಿನಕ್ಕೆ ಒಂದು ಹಿಡಿಯೂ ಸಿಗುವುದಿಲ್ಲ, ಸಿಕ್ಕಿದರಲ್ಲಿ ಅರ್ಧ ನೇರಳೆ ಬಣ್ಣಕ್ಕೆ ತಿರುಗಿರುತ್ತವೆ. ಗೊಬ್ಬರ ಕಡಿಮೆ ಮಾಡಿಲ್ಲ. ಏನು ಮಾಡಲಿ? ಈ ಕಾಲಕ್ಕೆ ಹೂ ಬಿಡುವ ಬೇರೆ ಯಾವುದನ್ನು ಸೇರಿಸಬಹುದು?

ಶಿರಸಿಯಿಂದ
ಮೊದಲು ಆ ಟೈಮರ್ ವಿಚಾರ ಇತ್ಯರ್ಥ ಮಾಡಿಕೊಳ್ಳಿ, ಗೊಬ್ಬರದ ಮಾತು ಆಮೇಲೆ. ನೀವು ಹೇಳಿದ ಮೂರು ಗಿಡಗಳಿಗೂ ನೀರಿನ ಲೆಕ್ಕ ಬೇರೆ ಬೇರೆ. ಮೂರಕ್ಕೂ ಒಂದೇ ಪೈಪು ಅಂದರೆ ಒಂದಾದರೂ ಮುನಿಸಿಕೊಳ್ಳಲೇಬೇಕು.

ಮೇ ಫ್ಲವರ್ ಮೂಲತಃ ಆಫ್ರಿಕಾದ್ದು. ಮಳೆಗಾಲದಲ್ಲಿ ಬೆಳೆದು, ಒಣಗಾಲದಲ್ಲಿ ಮಣ್ಣೊಳಗೆ ಮಲಗುವ ಜಾತಿ. ನಮ್ಮ ಅಂಗಳದಲ್ಲಿ ದೀಪಾವಳಿ ಕಳೆದ ಮೇಲೆ ಎಲೆ ತಾನಾಗಿ ಹಳದಿಯಾಗುತ್ತದೆ. ಆಗ ನೀರು ನಿಲ್ಲಿಸಬೇಕು. ಎಲೆ ನೋಡಲು ಚೆನ್ನಾಗಿಲ್ಲ ಎಂದು ಕತ್ತರಿಸಬೇಡಿ, ಅದರಲ್ಲಿರುವ ಸತ್ವ ಗಡ್ಡೆಗೆ ಇಳಿಯುವವರೆಗೆ ಬಿಡಿ. ಆಮೇಲೆ ಏಪ್ರಿಲ್‌ವರೆಗೆ ಒಂದು ತಂಬಿಗೆ ನೀರೂ ಬೇಡ. ಅಶ್ವಿನಿಯೋ ಭರಣಿಯೋ ಒಂದು ಗಟ್ಟಿ ಮಳೆ ಬಿದ್ದರೆ ಸಾಕು, ಅದು ಏಳುತ್ತದೆ. ಮೊದಲು ಹೊರಬರುವುದು ಎಲೆಯಲ್ಲ. ಹೆಬ್ಬೆರಳು ಗಾತ್ರದ ತಿಳಿಹಸಿರು ಮೂತಿ ಮಣ್ಣು ಸೀಳಿಕೊಂಡು ಬರುತ್ತದೆ, ಬುಡದಲ್ಲಿ ನೇರಳೆ ಕಂದು ಚುಕ್ಕೆಗಳಿರುತ್ತವೆ. ದಂಟು ಎದ್ದ ಮೇಲೆ ತುದಿಯ ಹೊದಿಕೆ ಬಿಚ್ಚಿ, ಒಳಗೆ ಒತ್ತಿಕೊಂಡಿದ್ದ ಕೆಂಪು ಎಳೆಗಳು ಎಲ್ಲ ದಿಕ್ಕಿಗೂ ಸೆಟೆದು ನಿಲ್ಲುತ್ತವೆ, ಪ್ರತಿ ಎಳೆಯ ತುದಿಗೂ ಹಳದಿ ಪುಡಿ. ಒಂದು ಚೆಂಡು ಅಂದರೆ ಒಂದು ಹೂವಲ್ಲ, ಚೆನ್ನಾಗಿ ಬಲಿತ ಗಡ್ಡೆಯಲ್ಲಿ 200ರವರೆಗೂ ಸಣ್ಣ ಹೂಗಳು ಸೇರಿ ಅದು ಆಗುವುದು. ಒಂದು ವಾರ, ಹತ್ತು ದಿನ ಇರುತ್ತದೆ. ಎಲೆ ಅದರ ಜೊತೆಗೋ ಹಿಂದೆಯೋ.

ನಿಮ್ಮ ಗಡ್ಡೆಗೆ ಮಲಗಲು ಬಿಟ್ಟಿಲ್ಲ, ಹಾಗಾಗಿ ಎಲೆ ಬಿಡುವುದನ್ನೇ ಮುಂದುವರಿಸಿದೆ. ಯೂರಿಯಾದಂಥದ್ದು ಹಾಕುತ್ತಿದ್ದರೆ ಎಲೆ ಇನ್ನೂ ಜಾಸ್ತಿ. ಆಳಕ್ಕೆ ಹೂತಿದ್ದರೂ ಹೂ ಕಷ್ಟ, ಗಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಇರಲಿ. ವರ್ಷ ವರ್ಷ ಕಿತ್ತು ಜಾಗ ಬದಲಿಸುವ ಅಭ್ಯಾಸ ಇದ್ದರೆ ಬಿಡಿ, ಇಕ್ಕಟ್ಟಾಗಿ ಕೂತರೂ ಅದಕ್ಕೆ ಬೇಸರವಿಲ್ಲ. ಗಡ್ಡೆ ವಿಷದ್ದು, ಮನೆಯಲ್ಲಿ ಬೆಕ್ಕು, ನಾಯಿ, ಮಣ್ಣು ಕೆದಕುವ ಮಕ್ಕಳಿದ್ದರೆ ಎಚ್ಚರ.

ಇದೇ ಲೆಕ್ಕದಲ್ಲಿ ನೆಲಸಂಪಿಗೆಯನ್ನೂ ಸೇರಿಸಬಹುದು. ಎಲೆಯ ಸುಳಿವಿಲ್ಲದ ಬರಿ ನೆಲದಿಂದ ಬಿಳಿ ನೇರಳೆ ಹೂ ಏಳುತ್ತದೆ. ಒಂದು ಹೂವಿನ ಆಯುಷ್ಯ ಒಂದೇ ದಿನ, ಆದರೆ ಪರಿಮಳ ಇದೆ, ಮರುದಿನ ಇನ್ನೊಂದು ಬರುತ್ತದೆ. ಎರಡನ್ನೂ ಕುಂಡಕ್ಕೆ ಹಾಕಿ, ಚಳಿಗಾಲದಲ್ಲಿ ಮಳೆ ತಾಗದಂತೆ ಸಜ್ಜೆಯ ಕೆಳಗೆ ತಳ್ಳಿಬಿಡಿ. ನಿಮ್ಮೂರಲ್ಲಿ ನವೆಂಬರ್‌ನಲ್ಲೂ ಚಂಡಮಾರುತದ ಮಳೆ ಹೊಯ್ಯುತ್ತದಲ್ಲ.

ಧಾರವಾಡದಿಂದ
ಖರೇ ಅದ. ನಮ್ಮ ಕಾಗದದ ಹೂವಿನ ಬಳ್ಳಿಗೆ ಯಾರೂ ನೀರ ಹಾಕೂದಿಲ್ಲ, ಕಂಪೌಂಡ್ ತುಂಬ ಹೂ. ಬಾಜೂ ಮನಿಯವ್ರು ದಿನಾ ಪೈಪ್ ಹಿಡೀತಾರ, ಬರೇ ತಪ್ಪಲ.

ಮೈಸೂರಿನಿಂದ
ಗಂಧರಾಜಕ್ಕೆ ಎಪ್ಸಮ್ ಸಾಲ್ಟ್ ಒಂದು ಚಮಚ ಹಾಕಿ ನೋಡಿ. ನಮ್ಮನೇಲಿ ಸರಿಹೋಯ್ತು.

ಬೆಂಗಳೂರಿನಿಂದಲೇ ಇನ್ನೊಬ್ಬರು
ಎಲೆ ನೋಡದೆ ಎಪ್ಸಮ್ ಬೇಡ. ಕೆಳಗಿನ ಹಳೆಯ ಎಲೆಗಳಲ್ಲಿ ನರದ ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ ಕೊರತೆ, ಆಗ ಎಪ್ಸಮ್ ಕೆಲಸ ಮಾಡುತ್ತದೆ. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಕೊರತೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ನಾನು ನೋಡಿರುವುದೆಲ್ಲ ಬಹುಮಟ್ಟಿಗೆ ಇದೇ. ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟಿದೆಯಾ ನೋಡಿ. ಗಂಧರಾಜಕ್ಕೆ ಹುಳಿ ಮಣ್ಣು ಬೇಕು, ಗಡಸು ನೀರು ಮಣ್ಣನ್ನು ಕ್ಷಾರವಾಗಿಸುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ.

ನಾನು ಮಾಡುವುದು ಹೀಗೆ: ತಾರಸಿಯ ಮಳೆನೀರು ಒಂದು ಡ್ರಮ್ಮಿನಲ್ಲಿ, ಅದು ಮುಗಿದರೆ ಏಸಿಯಿಂದ ತೊಟ್ಟಿಕ್ಕುವ ನೀರು. ಅದರಲ್ಲಿ ಲವಣವೇ ಇರುವುದಿಲ್ಲ, ಗಂಧರಾಜಕ್ಕೆ ಒಪ್ಪುತ್ತದೆ. ಜೊತೆಗೆ ಚೆನ್ನಾಗಿ ಕಳಿತ ಎಲೆಗೊಬ್ಬರ, ನರ್ಸರಿಯಲ್ಲಿ ಸಿಗುವ ಕೀಲೇಟೆಡ್ ಕಬ್ಬಿಣ (ಬೇರಿಗೆ ದಕ್ಕುವ ರೂಪದ್ದು). ಮಜ್ಜಿಗೆ ಸುರಿಯಿರಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ, ನನ್ನ ಪ್ರಕಾರ ಅದರಿಂದ ಇರುವೆಗಳಿಗೆ ಲಾಭ.

ಮೊಗ್ಗು ಉದುರುವುದಕ್ಕೆ ಇನ್ನೊಂದು ಕಾರಣ ನೀರಿನ ಏರುಪೇರು. ಮೇಲಿನವರ ಮಾತು ಕೇಳಿ ಗಂಧರಾಜಕ್ಕೂ ನೀರು ನಿಲ್ಲಿಸಿಬಿಟ್ಟೀರಿ. ಮೊಗ್ಗು ಕಟ್ಟಿದ ಮೇಲೆ ಒಂದು ಸಲ ಬಾಡಿದರೂ ಅದು ಮೊಗ್ಗನ್ನು ಕೈಬಿಡುತ್ತದೆ. ಹಾಗಂತ ಕೆಸರೂ ಆಗಬಾರದು. ಬುಡಕ್ಕೆ ಒಣ ಎಲೆ ದಪ್ಪಗೆ ಹೊದಿಸಿ. ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಒಂದಷ್ಟು ಉದುರುವುದನ್ನು ಯಾರಿಂದಲೂ ತಪ್ಪಿಸಲಾಗದು.

ಉಡುಪಿಯಿಂದ
ಮಲ್ಲಿಗೆಗೆ ಹನ್ನೊಂದರವರೆಗಿನ ಬಿಸಿಲು ಸಾಲುವುದಿಲ್ಲ. ಶಂಕರಪುರ ಕಡೆ ಅಂಗಳದಲ್ಲಿ ಮಲ್ಲಿಗೆ ಬೆಳೆದು ಅಟ್ಟೆ (ಕಟ್ಟಿದ ಹೂವಿನ ಅಳತೆ) ಲೆಕ್ಕದಲ್ಲಿ ಮಾರುವವರ ಮನೆ ನೋಡಿ, ಗಿಡದ ಮೇಲೆ ತೆಂಗಿನ ಗರಿಯ ನೆರಳೂ ಬೀಳದ ಜಾಗ ಹುಡುಕುತ್ತಾರೆ. ನಿಮ್ಮದನ್ನು ದೊಡ್ಡ ಕುಂಡಕ್ಕೆ ಹಾಕಿ ತಾರಸಿಗೆ ಒಯ್ಯಿರಿ.

ಕತ್ತರಿಸಿದ್ದೀರಾ ಇಲ್ಲವಾ ಬರೆದಿಲ್ಲ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ನವೆಂಬರ್ ಕೊನೆಯಿಂದ ಜನವರಿಯೊಳಗೆ ಮೊಣಕಾಲೆತ್ತರಕ್ಕೆ ಧೈರ್ಯವಾಗಿ ಕತ್ತರಿಸಿ, ಒಣಕಲು ಕಡ್ಡಿ ತೆಗೆದು, ಎಲೆ ಉದುರಿಸಿ, ಆಮೇಲೆ ಸಗಣಿ ಗೊಬ್ಬರ ಕೊಟ್ಟು ನೀರು ಶುರುಮಾಡಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಅದರ ಸುಗ್ಗಿ. ನೆನೆಸಿದ ನೆಲಗಡಲೆ ಹಿಂಡಿಯ ನೀರೂ ಒಳ್ಳೆಯದು, ವಾಸನೆ ತಡೆದುಕೊಳ್ಳುವ ನೆರೆಹೊರೆ ಇದ್ದರೆ.

ನೇರಳೆ ಮೊಗ್ಗು ಹುಳದ ಕೆಲಸ. ಒಂದನ್ನು ಉಗುರಿನಿಂದ ಬಿಡಿಸಿ ನೋಡಿ. ತೂತಿದ್ದು, ಒಳಗೆ ಕಪ್ಪು ತಲೆಯ ಹಸಿರು ಹುಳ, ಅಕ್ಕಪಕ್ಕದ ಮೊಗ್ಗುಗಳಿಗೆ ಸಣ್ಣ ಬಲೆಯಂಥ ನೂಲು ಇದ್ದರೆ ಮೊಗ್ಗು ಕೊರೆಯುವ ಹುಳ. ತೂತಿಲ್ಲದೆ ಮೊಗ್ಗಿನ ಬುಡ ಊದಿಕೊಂಡು, ಒಳಗೆ ಕಣ್ಣಿಗೆ ಕಂಡೂ ಕಾಣದ ಮರಿಗಳಿದ್ದರೆ ಮೊಗ್ಗಿನ ನೊಣ. ಎರಡಕ್ಕೂ ಮೊದಲ ಮದ್ದು, ಕೆಟ್ಟ ಮೊಗ್ಗನ್ನು ಗಿಡದ ಕೆಳಗೆ ಬಿಸಾಡದೆ ಕಿತ್ತು ಸುಡುವುದು. ನೊಣದ ಮರಿ ಮಣ್ಣಿಗಿಳಿದು ಕೋಶ ಕಟ್ಟುವುದರಿಂದ ಬುಡದ ಮಣ್ಣನ್ನು ಆಗಾಗ ಕೆದಕಿ ಬಿಸಿಲಿಗೆ ಬಿಡಿ. ಸಂಜೆ ಹೊತ್ತು ಬೇವಿನೆಣ್ಣೆ ಸಿಂಪಡಿಸಬಹುದು. ಪೂಜೆಗೆ, ಜಡೆಗೆ ಬಳಸುವ ಹೂವಿಗೆ ಅದಕ್ಕಿಂತ ಕಟು ಔಷಧಿ ನನಗೆ ಮನಸ್ಸಿಲ್ಲ.

ಮಡಿಕೇರಿಯಿಂದ
ಕತ್ತರಿ ಹಿಡಿದ ಉತ್ಸಾಹದಲ್ಲಿ ಎಲ್ಲಕ್ಕೂ ಹಾಗೆ ಮಾಡಬೇಡಿ. ಹೈಡ್ರೇಂಜಿಯ ಮಲ್ಲಿಗೆಗೆ ತದ್ವಿರುದ್ಧ, ಹೂ ಬರುವುದು ಹಿಂದಿನ ವರ್ಷದ ಕಡ್ಡಿಯ ತುದಿಯಲ್ಲಿ. ಡಿಸೆಂಬರ್‌ನಲ್ಲಿ ಕತ್ತರಿಸಿದರೆ ಆ ವರ್ಷದ ಹೂ ಕಸದ ಬುಟ್ಟಿಗೆ ಹೋದಂತೆ. ಹೂ ಬಾಡಿದ ಕೂಡಲೇ ಕೆಳಗಿನ ಒಂದೆರಡು ಗೆಣ್ಣಿನವರೆಗೆ ಮಾತ್ರ ತೆಗೆಯಿರಿ. ಬೆಳಗಿನ ಬಿಸಿಲು, ಮಧ್ಯಾಹ್ನ ನೆರಳು ಅಂದಿರಲ್ಲ, ಮಲ್ಲಿಗೆ ತೆರವು ಮಾಡಿದ ಜಾಗ ಇದಕ್ಕೇ ಸರಿ. ನಮ್ಮ ಹುಳಿ ಮಣ್ಣಿನಲ್ಲಿ ಗಾಢ ನೀಲಿ, ನಿಮ್ಮ ಬೋರ್‌ವೆಲ್ ನೀರಿಗೆ ಗುಲಾಬಿಗೆ ತಿರುಗುತ್ತದೆ, ಗಾಬರಿ ಬೇಡ.

ತೀರ್ಥಹಳ್ಳಿಯಿಂದ
ಮಾವಿನ ಮರವೋ ಹಲಸಿನ ಮರವೋ ಇದ್ದರೆ ಅದಕ್ಕೆ ಸೀತಾಳೆ ದಂಡೆ (ಮರದ ಮೇಲೆ ಬೆಳೆಯುವ ಆರ್ಕಿಡ್) ಕಟ್ಟಿ. ಮೇ ಜೂನ್‌ನಲ್ಲಿ ಹೂಗೊಂಚಲು ಇಳಿಬೀಳುತ್ತದೆ. ಕಾಡಿನ ಮರದಿಂದ ಮಾತ್ರ ಕೀಳಬೇಡಿ, ಪರವಾನಗಿ ಇರುವ ನರ್ಸರಿಯಿಂದ ತನ್ನಿ.

ಕೇಳಿದವರು
ಎಲ್ಲರಿಗೂ ಧನ್ಯವಾದ. ಬಿಡಿಸಿ ನೋಡಿದೆ, ಹಸಿರು ಹುಳವೇ. ಗಂಧರಾಜದ ಹೊಸ ಎಲೆಗಳೇ ಹಳದಿ, ನರ ಹಸಿರು. ಒಂದು ಅನುಮಾನ: ಮೇ ಫ್ಲವರ್‌ನಲ್ಲಿ ಈಗ ಎಲೆ ತುಂಬ ಇದೆ. ಇವತ್ತಿನಿಂದಲೇ ನೀರು ನಿಲ್ಲಿಸಲೇ?

ಶಿರಸಿಯಿಂದ
ಬೇಡ, ಬೇಡ! ಈ ವರ್ಷದ ಹೂವಿನ ಆಸೆ ಬಿಡಿ. ಮುಂದಿನ ವರ್ಷದ ಹೂವಿಗೆ ಗಡ್ಡೆ ತುಂಬಿಕೊಳ್ಳುವುದು ಈ ಎಲೆಯಿಂದಲೇ. ಅಕ್ಟೋಬರ್‌ವರೆಗೆ ನೀರು ಕೊಡಿ, ತಿಂಗಳಿಗೊಮ್ಮೆ ಒಂದು ಹಿಡಿ ಬೂದಿ ಬೆರೆಸಿದ ಎಲೆಗೊಬ್ಬರ ಹಾಕಿ. ನವೆಂಬರ್‌ನಲ್ಲಿ ಆ ಕುಂಡಗಳ ಡ್ರಿಪ್ ಮೂತಿ ಮಾತ್ರ ಮುಚ್ಚಿ.

ಮಡಿಕೇರಿಯಿಂದ
ಹೈಡ್ರೇಂಜಿಯ ಕಡ್ಡಿ ಬೇಕಿದ್ದರೆ ಹೇಳಿ. ಹೂ ಬಿಡದ ಎಳೆ ಕಡ್ಡಿ ನೋಡಿ ತೆಗೆದಿಡುತ್ತೇನೆ, ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಪಾರ್ಸಲ್‌ನಲ್ಲಿ ಬಾಡುತ್ತವೆ, ಈ ಕಡೆ ಬರುವವರ ಕೈಯಲ್ಲಿ ತರಿಸಿಕೊಳ್ಳಿ.