ಪಿಎಚ್‌.ಡಿ.ಗೆ ಮೊದಲು ಸಂಶೋಧನಾ ತರಬೇತಿಯ ಒಂದು ವರ್ಷ: ಬೇಕೇ, ಬೇಡವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪರಿಸರ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯನ್ನು ಈ ವರ್ಷ ಮುಗಿಸಿದ್ದೇನೆ. ನನ್ನದು ಪೂರ್ತಿಯಾಗಿ ಪಾಠ ಮತ್ತು ಪರೀಕ್ಷೆಗಳ ಮೇಲೆ ನಿಂತ ಪದವಿ. ಕೊನೆಯ ಸೆಮಿಸ್ಟರಿನಲ್ಲಿ ಒಂದು ಸಣ್ಣ ಪ್ರಾಜೆಕ್ಟ್ ಇತ್ತಾದರೂ ಅದನ್ನು ನಾಲ್ವರು ಸೇರಿ ಮಾಡಿದ್ದರಿಂದ, ಒಂದು ಪ್ರಶ್ನೆಯನ್ನು ನಾನೇ ಎತ್ತಿಕೊಂಡು, ಅದರ ಬೆನ್ನು ಹತ್ತಿ, ಕೊನೆಯವರೆಗೆ ಬರೆದು ಮುಗಿಸಿದೆ ಎಂದು ಹೇಳಿಕೊಳ್ಳುವಂಥದ್ದು ನನ್ನ ಬಳಿ ಏನೂ ಇಲ್ಲ.

ಪಿಎಚ್‌.ಡಿ. ಮಾಡಬೇಕೆಂಬ ಆಸೆ ಗಟ್ಟಿಯಾಗಿದೆ. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳ ವಿವರಗಳನ್ನು ಓದುವಾಗ ಎಂ.ರೆಸ್., ಎಂ.ಫಿಲ್. ಮುಂತಾದ ಹೆಸರುಗಳಲ್ಲಿ ಒಂದು ಅಥವಾ ಎರಡು ವರ್ಷದ ಸಂಶೋಧನಾ ಪದವಿಗಳು ಕಾಣುತ್ತವೆ. ಎಲ್ಲ ಕಡೆಯೂ ಅವುಗಳನ್ನು ಪಿಎಚ್‌.ಡಿ.ಗೆ ದಾರಿ ಎಂದೇ ಕರೆಯಲಾಗಿದೆ. ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕುವುದು ಒಳ್ಳೆಯದೋ, ಅಥವಾ ಇಂಥದೊಂದು ತರಬೇತಿಯನ್ನು ಮೊದಲು ಪಡೆಯುವುದು ಒಳ್ಳೆಯದೋ? ಒಂದು ವರ್ಷ ಸುಮ್ಮನೆ ಕಳೆದುಹೋಗಬಹುದೆಂಬ ಭಯ ಒಂದು ಕಡೆ, ಸಿದ್ಧತೆಯಿಲ್ಲದೆ ಒಳಗೆ ಹೋಗಿ ನಡುವೆ ಬಿಟ್ಟುಬಿಡಬೇಕಾಗಬಹುದೆಂಬ ಭಯ ಇನ್ನೊಂದು ಕಡೆ. ಈ ಹಾದಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ 1

ನಾನು ಎರಡು ವರ್ಷದ ಸಂಶೋಧನಾ ಸ್ನಾತಕೋತ್ತರ ಪದವಿಯನ್ನು ಮುಗಿಸಿ ಆಮೇಲೆ ಪಿಎಚ್‌.ಡಿ.ಗೆ ಸೇರಿದವಳು. ನಿಮ್ಮ ವಿಷಯಕ್ಕೆ ಹತ್ತಿರದಲ್ಲೇ ಕೆಲಸ ಮಾಡಿದ್ದರಿಂದ ನನ್ನ ಅನುಭವವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸೇರುವಾಗ ನನ್ನ ಮನಸ್ಸಿನಲ್ಲಿದ್ದ ವಿಷಯ 'ಕೆರೆಗಳ ಮೇಲೆ ನಗರೀಕರಣದ ಪರಿಣಾಮ'. ಮಾರ್ಗದರ್ಶಕರು ಅದನ್ನು ಓದಿ, ಇದು ಒಬ್ಬ ವ್ಯಕ್ತಿಯ ಇಡೀ ಆಯುಷ್ಯಕ್ಕೂ ಸಾಲದಷ್ಟು ದೊಡ್ಡದಿದೆ ಎಂದರು. ಮೊದಲ ನಾಲ್ಕು ತಿಂಗಳು ನಾನು ಮಾಡಿದ ಕೆಲಸವೆಂದರೆ ಆ ಪ್ರಶ್ನೆಯನ್ನು ಕತ್ತರಿಸುತ್ತ ಹೋದದ್ದು. ಕೊನೆಗೆ ಉಳಿದದ್ದು ಒಂದೇ ಕೆರೆ, ಮಳೆಗಾಲಕ್ಕೆ ಮುಂಚಿನ ಮತ್ತು ನಂತರದ ತಿಂಗಳುಗಳು, ನೀರಿನಲ್ಲಿ ಕರಗಿದ ಆಮ್ಲಜನಕದ ಪ್ರಮಾಣ. ಆಗ ಅದು ನನಗೆ ಅವಮಾನದಂತೆ ಕಂಡಿತ್ತು. ಇಷ್ಟು ಚಿಕ್ಕದನ್ನು ಯಾರು ಓದುತ್ತಾರೆ ಎಂದು ಬೇಸರಪಟ್ಟಿದ್ದೆ.

ಆ ಚಿಕ್ಕ ಕೆಲಸದಲ್ಲೂ ನಾನು ಎಡವಿದೆ. ಮೊದಲ ಎರಡು ತಿಂಗಳು ನನಗೆ ಅನುಕೂಲವಾದ ಹೊತ್ತಿನಲ್ಲಿ ಹೋಗಿ ನೀರಿನ ಮಾದರಿಗಳನ್ನು ತಂದೆ. ಒಮ್ಮೆ ಬೆಳಿಗ್ಗೆ, ಒಮ್ಮೆ ಮಧ್ಯಾಹ್ನ. ಪಾಚಿ ಮತ್ತು ಜಲಸಸ್ಯಗಳು ಹಗಲಿನಲ್ಲಿ ದ್ಯುತಿಸಂಶ್ಲೇಷಣೆ ನಡೆಸುವುದರಿಂದ ಆಮ್ಲಜನಕ ಮಧ್ಯಾಹ್ನದವರೆಗೆ ಏರುತ್ತ ಹೋಗುತ್ತದೆ, ರಾತ್ರಿಯಿಡೀ ಎಲ್ಲ ಜೀವಿಗಳ ಉಸಿರಾಟದಿಂದ ಇಳಿಯುತ್ತ ಹೋಗಿ ಬೆಳಗಿನ ಜಾವಕ್ಕೆ ಅತ್ಯಂತ ಕೆಳಗಿರುತ್ತದೆ. ಇದನ್ನು ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ನನ್ನ ಅಂಕಿಅಂಶಗಳಲ್ಲಿ ಕಂಡ ಏರಿಳಿತವು ಮಳೆಯದೋ ಗಡಿಯಾರದ್ದೋ ಎಂದು ಮಾರ್ಗದರ್ಶಕರು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ. ಆ ಎರಡು ತಿಂಗಳ ಅಳತೆಗಳನ್ನು ಬದಿಗಿಟ್ಟು, ಸಮಯವನ್ನು ನಿಗದಿಪಡಿಸಿಕೊಂಡು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಇದೇ ತಪ್ಪನ್ನು ಪಿಎಚ್‌.ಡಿ.ಯಲ್ಲಿ ಹತ್ತು ಕೆರೆಗಳ ಮೇಲೆ, ವಿದ್ಯಾರ್ಥಿವೇತನದ ಗಡುವು ಓಡುತ್ತಿರುವಾಗ ಮಾಡಿದ್ದರೆ ಏನಾಗುತ್ತಿತ್ತೆಂದು ಈಗಲೂ ಯೋಚಿಸುತ್ತೇನೆ. ಪಾಠದಲ್ಲಿ ತಿಳಿದದ್ದಕ್ಕೂ ಕೈಯಲ್ಲಿ ಮಾಡುವಾಗ ನೆನಪಾಗುವುದಕ್ಕೂ ನಡುವೆ ಇರುವ ಅಂತರವನ್ನು ತುಂಬಿಕೊಳ್ಳಲು ನನಗೆ ಆ ಎರಡು ವರ್ಷ ಬೇಕಿತ್ತು. ಅದು ಕಳೆದುಹೋದ ಕಾಲವೆಂದು ಒಂದು ದಿನವೂ ಅನ್ನಿಸಿಲ್ಲ.

ಉತ್ತರ 2

ಮೇಲಿನ ಅನುಭವವನ್ನು ಗೌರವಿಸುತ್ತಲೇ ನನ್ನ ಭಿನ್ನಾಭಿಪ್ರಾಯವನ್ನು ಹೇಳುತ್ತೇನೆ. ನಾನು ನೇರವಾಗಿ ಪಿಎಚ್‌.ಡಿ.ಗೆ ಸೇರಿದವನು, ಮುಗಿಸಿದ್ದೇನೆ ಕೂಡ. ತರಬೇತಿ ಬೇಕು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕಾಗಿ ಪ್ರತ್ಯೇಕ ಪದವಿಯೊಂದನ್ನು ಪಡೆಯಲೇಬೇಕು ಎಂಬುದನ್ನು ಮಾತ್ರ ಒಪ್ಪುವುದಿಲ್ಲ.

ಅನೇಕ ಕಡೆ ಆ ತರಬೇತಿಯನ್ನು ಪಿಎಚ್‌.ಡಿ.ಯ ಒಳಗೇ ಇಡಲಾಗಿದೆ. ಅಮೆರಿಕದಲ್ಲಿ ಸ್ನಾತಕ ಪದವಿಯ ನಂತರವೇ ಪಿಎಚ್‌.ಡಿ.ಗೆ ತೆಗೆದುಕೊಳ್ಳುವುದು ಸಾಮಾನ್ಯ. ಅಲ್ಲಿ ಮೊದಲ ಒಂದೆರಡು ವರ್ಷ ಕೋರ್ಸುಗಳು, ನಂತರ ಅರ್ಹತಾ ಪರೀಕ್ಷೆ, ಆಮೇಲೆ ಮಹಾಪ್ರಬಂಧದ ಕೆಲಸ. ಬ್ರಿಟನ್ನಿನ ಹಲವು ವಿಶ್ವವಿದ್ಯಾಲಯಗಳು ಮೊದಲು ಎಂ.ಫಿಲ್.ಗೆ ನೋಂದಾಯಿಸಿಕೊಂಡು, ಸುಮಾರು ಒಂದು ವರ್ಷದ ಕೆಲಸವನ್ನು ಪರಿಶೀಲಿಸಿದ ಮೇಲೆ ಪಿಎಚ್‌.ಡಿ.ಗೆ ಏರಿಸುತ್ತವೆ. ಭಾರತದಲ್ಲಿ ಯುಜಿಸಿಯ 2022ರ ನಿಯಮಾವಳಿಯು ಎಂ.ಫಿಲ್. ಪದವಿಯನ್ನೇ ಕೈಬಿಟ್ಟು, ಪಿಎಚ್‌.ಡಿ. ವಿದ್ಯಾರ್ಥಿಗಳು ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್ ವರ್ಕ್ ಮುಗಿಸಬೇಕೆಂದು ವಿಧಿಸಿದೆ. ಹೀಗಿರುವಾಗ ಅದೇ ತರಬೇತಿಗೆ ಎರಡು ಸಲ ಕಾಲ ಕೊಡುವುದು ಎಲ್ಲರಿಗೂ ಸಾಧ್ಯವಿಲ್ಲ.

ಹಣದ ವಿಚಾರವನ್ನೂ ಮರೆಯಬಾರದು. ಪಿಎಚ್‌.ಡಿ.ಗೆ ವಿದ್ಯಾರ್ಥಿವೇತನ ಸಿಗುವ ಕಡೆಗಳಲ್ಲೂ ಅದಕ್ಕೆ ಮೊದಲಿನ ಸಂಶೋಧನಾ ಪದವಿಗೆ ಕೈಯಿಂದಲೇ ಶುಲ್ಕ ಕಟ್ಟಬೇಕಾದ ಪ್ರಸಂಗಗಳು ಬಹಳ. ಮನೆಯ ಹೊಣೆ ಹೊತ್ತವರಿಗೆ ಆ ಒಂದು ವರ್ಷವೇ ಇಡೀ ದಾರಿಯನ್ನು ಮುಚ್ಚಿಬಿಡಬಹುದು. ಇದರ ಮೇಲೆ, ದಾರಿ ಎಂದು ಹೇಳಿದ ಮಾತ್ರಕ್ಕೆ ಮುಂದಿನ ಸೀಟು ಖಚಿತವೆಂದಲ್ಲ. ಬಹುಪಾಲು ಕಡೆ ಪಿಎಚ್‌.ಡಿ.ಗೆ ಮತ್ತೆ ಹೊಸದಾಗಿಯೇ ಅರ್ಜಿ ಹಾಕಬೇಕು.

ಉತ್ತರ 3

ಸುಮಾರು ಇಪ್ಪತ್ತು ವರ್ಷಗಳಿಂದ ಸಂಶೋಧನಾ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡುತ್ತ ಬಂದಿದ್ದೇನೆ. ಮೇಲಿನ ಇಬ್ಬರು ಹೇಳಿದ್ದೂ ನಿಜ. ಆದ್ದರಿಂದ ಪದವಿಯ ಹೆಸರನ್ನು ಬಿಟ್ಟು, ಅದರೊಳಗೆ ನಿಮ್ಮಿಂದ ಯಾವ ಕೆಲಸ ಮಾಡಿಸುತ್ತಾರೆ ಎಂಬುದನ್ನು ನೋಡಿ ನಿರ್ಧರಿಸಬೇಕೆಂದು ನನ್ನ ಕಳಕಳಿಯ ಸಲಹೆ.

ಸಂಶೋಧನೆಯನ್ನು ಮಾಡಿಸಿಯೇ ಕಲಿಸಬೇಕೆಂಬುದು ಹಳೆಯ ತಿಳಿವಳಿಕೆ. ಜರ್ಮನಿಯ ಗೀಸೆನ್‌ನಲ್ಲಿ 1824ರಲ್ಲಿ ಪ್ರಾಧ್ಯಾಪಕರಾದ ರಸಾಯನಶಾಸ್ತ್ರಜ್ಞ ಯೂಸ್ಟಸ್ ಲೀಬಿಗ್ ತಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳಿಗೆ ತಲಾ ಒಂದು ಸಮಸ್ಯೆ ಕೊಟ್ಟು, ಹಿಂದಿನ ದಿನ ಮಾಡಿದ ಕೆಲಸವೇನು, ಮುಂದೆ ಮಾಡಬೇಕೆಂದಿರುವುದೇನು ಎಂಬುದನ್ನು ಬೆಳಿಗ್ಗೆ ಬೆಳಿಗ್ಗೆ ಅವರ ಬಾಯಿಂದಲೇ ಕೇಳುತ್ತಿದ್ದರು. ಇಂದಿನ ಪಿಎಚ್‌.ಡಿ. ಬೆಳೆದು ಬಂದದ್ದು ಇಂಥ ಜರ್ಮನ್ ಪ್ರಯೋಗಶಾಲೆ ಮತ್ತು ಸೆಮಿನಾರುಗಳಿಂದ. ಅಮೆರಿಕದ ಯೇಲ್ ಅದನ್ನು 1861ರಲ್ಲಿ ಕೊಡಲಾರಂಭಿಸಿತು, ಬ್ರಿಟನ್ನಿಗೆ ಅದು ಬಂದದ್ದು 1917ರಲ್ಲಿ, ಆಕ್ಸ್‌ಫರ್ಡ್ ಮೂಲಕ. ಇಷ್ಟನ್ನು ಹೇಳಿದ್ದು ಏಕೆಂದರೆ, ಬಲ್ಲವರೊಬ್ಬರು ನಿಮ್ಮ ಕೆಲಸವನ್ನು ದಿನವೂ ಇಲ್ಲವೇ ವಾರಕ್ಕೊಮ್ಮೆಯಾದರೂ ನೋಡಿ ತಿದ್ದುವುದು ಇದರ ಜೀವಾಳ. ಸಂಶೋಧನಾ ವಿಧಾನಗಳ ಬಗ್ಗೆ ಬರೀ ಉಪನ್ಯಾಸ ಕೇಳಿಸಿ ಪ್ರಮಾಣಪತ್ರ ಕೊಡುವ ತರಬೇತಿಯಲ್ಲಿ ಆ ಜೀವಾಳವೇ ಇರುವುದಿಲ್ಲ.

ಹಾಗಾಗಿ ಯಾವುದೇ ಕಾರ್ಯಕ್ರಮಕ್ಕೆ ಸೇರುವ ಮುನ್ನ, ಒಟ್ಟು ಕಾಲದಲ್ಲಿ ಪ್ರಬಂಧಕ್ಕೆ ಮೀಸಲಾದ ಪಾಲು ಎಷ್ಟೆಂದು ಕೇಳಿ. ಆಸ್ಟ್ರೇಲಿಯದ ಅರ್ಹತಾ ಚೌಕಟ್ಟಿನಲ್ಲಿ ಸಂಶೋಧನಾ ಸ್ನಾತಕೋತ್ತರ ಪದವಿಯ ಕನಿಷ್ಠ ಮೂರನೇ ಎರಡು ಭಾಗ ಸಂಶೋಧನೆಗೇ ಹೋಗಬೇಕೆಂಬ ನಿಯಮವಿದೆ; ಇದನ್ನು ಒಂದು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಪ್ರಬಂಧವನ್ನು ನಿಮ್ಮ ಮಾರ್ಗದರ್ಶಕರಲ್ಲದ, ಸಾಧ್ಯವಾದರೆ ಹೊರಗಿನ ಪರೀಕ್ಷಕರು ಓದುತ್ತಾರೆಯೇ ಎಂಬುದು ಇನ್ನೂ ಮುಖ್ಯ. ತಮ್ಮ ಪರಿಚಯವೇ ಇಲ್ಲದ ಓದುಗರೊಬ್ಬರು ಪುಟಪುಟಕ್ಕೂ ಪ್ರಶ್ನೆ ಬರೆದು ಕಳಿಸಿದಾಗ ವಿದ್ಯಾರ್ಥಿಯ ಬರವಣಿಗೆ ಬದಲಾಗುವ ರೀತಿಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅಲ್ಲಿಂದ ಪಿಎಚ್‌.ಡಿ.ಗೆ ಹೋದವರನ್ನು ಹುಡುಕಿ ಮಾತಾಡಿಸುವುದೂ ಒಳ್ಳೆಯದು.

ಪಿಎಚ್‌.ಡಿ. ಅರ್ಜಿಗಳನ್ನು ಓದುವಾಗ ನಾನು ಅಂಕಪಟ್ಟಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಭ್ಯರ್ಥಿ ಒಬ್ಬರೇ ಬರೆದ ಇಪ್ಪತ್ತು ಪುಟಗಳು, ಮತ್ತು ಅವರು ಕೆಲಸ ಮಾಡುವುದನ್ನು ಹತ್ತಿರದಿಂದ ಕಂಡವರು ಬರೆದ ಶಿಫಾರಸು ಪತ್ರ, ಇವೆರಡನ್ನು ಹುಡುಕುತ್ತೇನೆ. 'ಈಕೆ ನನ್ನ ತರಗತಿಯಲ್ಲಿ ಮೊದಲಿಗಳು' ಎಂಬ ಮಾತಿಗಿಂತ 'ಅಳತೆಗಳು ತಪ್ಪಿದಾಗ ಈಕೆ ಮುಚ್ಚಿಡದೆ ಬಂದು ಹೇಳಿದಳು' ಎಂಬ ಮಾತು ನನಗೆ ಹೆಚ್ಚು ತೂಕದ್ದು. ಪ್ರಶ್ನೆ ಕೇಳಿದವರ ಬಳಿ ಸದ್ಯಕ್ಕೆ ಇವೆರಡೂ ಇದ್ದಂತಿಲ್ಲ. ಸಂಶೋಧನಾ ಪದವಿ ಇವೆರಡನ್ನೂ ಕೊಡಬಲ್ಲದು. ಪ್ರಯೋಗಶಾಲೆಯೊಂದರಲ್ಲಿ ಒಂದು ವರ್ಷ ಸಂಶೋಧನಾ ಸಹಾಯಕರಾಗಿ ಸಂಬಳಕ್ಕೆ ಕೆಲಸ ಮಾಡಿದರೂ, ಅಲ್ಲಿ ನಿಮ್ಮದೇ ಎನ್ನುವ ಒಂದು ಭಾಗವನ್ನು ಕೇಳಿ ಪಡೆದುಕೊಂಡರೆ, ಇವೆರಡೂ ದೊರೆಯುತ್ತವೆ. ಎರಡನೆಯ ಉತ್ತರ ಬರೆದವರು ಎತ್ತಿದ ಹಣದ ಕಷ್ಟ ಇರುವವರಿಗೆ ನಾನು ಈ ಎರಡನೆಯ ದಾರಿಯನ್ನೇ ಹೇಳುತ್ತೇನೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕರಗಿದ ಆಮ್ಲಜನಕದ ಪ್ರಸಂಗವನ್ನು ಎರಡು ಸಲ ಓದಿದೆ. ಆ ತಪ್ಪನ್ನು ನಾನೂ ಖಂಡಿತ ಮಾಡುತ್ತಿದ್ದೆ. ಶುಲ್ಕ ವಿನಾಯಿತಿ ಸಿಕ್ಕರೆ ಸಂಶೋಧನಾ ಪದವಿ, ಸಿಗದಿದ್ದರೆ ಸಹಾಯಕಿಯ ಕೆಲಸ ಎಂದು ಸದ್ಯಕ್ಕೆ ಯೋಚಿಸಿದ್ದೇನೆ. ಇನ್ನೊಂದು ಸಂದೇಹ: ಮೊದಲ ಪದವಿಗಾಗಿ ಸಂಗ್ರಹಿಸಿದ ಮಾಹಿತಿಯನ್ನು ಮುಂದೆ ಪಿಎಚ್‌.ಡಿ. ಮಹಾಪ್ರಬಂಧದಲ್ಲಿ ಬಳಸಬಹುದೇ?

ಉತ್ತರ 3 ಬರೆದವರಿಂದ

ಒಂದು ಪದವಿಗೆ ಸಲ್ಲಿಸಿ ಪದವಿ ಪಡೆದ ಬರಹವನ್ನು ಇನ್ನೊಂದು ಪದವಿಗೆ ಹೊಸ ಕೆಲಸವೆಂದು ಸಲ್ಲಿಸುವಂತಿಲ್ಲ. ಹಾಗೆ ಸಲ್ಲಿಸಿಲ್ಲವೆಂದು ಮಹಾಪ್ರಬಂಧದ ಆರಂಭದಲ್ಲಿ ಸಹಿ ಮಾಡಿದ ಘೋಷಣೆಯನ್ನೇ ಸಾಮಾನ್ಯವಾಗಿ ಕೇಳುತ್ತಾರೆ. ಆದರೆ ಆ ಪ್ರಬಂಧವನ್ನು ಉಲ್ಲೇಖಿಸಿ ಅದರ ಮೇಲೆ ಮುಂದಿನ ಕೆಲಸವನ್ನು ಕಟ್ಟಲು ಅಡ್ಡಿಯಿಲ್ಲ. ಎಂ.ಫಿಲ್. ಪದವಿ ಪಡೆಯದೆ ನೋಂದಣಿಯನ್ನೇ ಪಿಎಚ್‌.ಡಿ.ಗೆ ಏರಿಸಿಕೊಂಡವರ ಸಂಗತಿ ಬೇರೆ. ಅವರ ಮೊದಲ ವರ್ಷದ ಕೆಲಸ ಮಹಾಪ್ರಬಂಧದ ಭಾಗವೇ ಆಗುತ್ತದೆ. ಸೇರುವ ದಿನವೇ ಈ ನಿಯಮವನ್ನು ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ.